ಹೊಳಪು ಒಳಗಿನದು, ಬಾಳಿಕೆ ಹೊದಿಕೆಯದು

ಕೋವಿಡ್ ದಿನಗಳಲ್ಲಿ ಮೂಗಿನ ದ್ರವ ಬೆರೆಸಿದ ಮೂರು ನಾಲ್ಕು ಹನಿಗಳನ್ನು ಪಟ್ಟಿಯೊಂದರ ಮೇಲೆ ಬಿಟ್ಟು, ಎರಡನೆಯ ಗೆರೆ ಮೂಡುತ್ತದೋ ಇಲ್ಲವೋ ಎಂದು ಕಾದವರಿಗೆಲ್ಲ ನ್ಯಾನೊ ಕಣಗಳ ಪರಿಚಯ ಆಗಿಹೋಗಿದೆ. ಹೆಸರು ಗೊತ್ತಾಗಿರಲಿಲ್ಲ, ಅಷ್ಟೆ. ಅಂಥ ಎಷ್ಟೋ ಪಟ್ಟಿಗಳಲ್ಲಿ ಕಾಣುವ ನಸುಗೆಂಪು ಬಣ್ಣ ಸುಮಾರು 40 ನ್ಯಾನೊಮೀಟರ್ ಅಡ್ಡಳತೆಯ ಚಿನ್ನದ ಕಣಗಳದು. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಕಣದ ಮೈಗೆ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಪ್ರತಿಕಾಯ ವೈರಸ್ಸಿನ ಪ್ರೋಟೀನನ್ನು ಹಿಡಿಯುತ್ತದೆ, ಆ ಪ್ರೋಟೀನು ಗೆರೆಯ ಜಾಗದಲ್ಲಿ ಕಾದು ಕುಳಿತ ಇನ್ನೊಂದು ಪ್ರತಿಕಾಯಕ್ಕೆ ಸಿಕ್ಕಿಬೀಳುತ್ತದೆ, ಹಾಗೆ ಸಿಕ್ಕಿಬಿದ್ದ ಅಸಂಖ್ಯ ಕಣಗಳು ಒಟ್ಟುಗೂಡಿ ಬರಿಗಣ್ಣಿಗೆ ಗೆರೆಯಾಗಿ ಕಾಣುತ್ತವೆ. ಚಿನ್ನ ಕೆಂಪಗೆ ಕಾಣುವುದು ಸೋಜಿಗವೇ ಸರಿ. ಅದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದೆ. ಆ ಕಣಗಳನ್ನು ಕಾರ್ಖಾನೆಯಲ್ಲಿ ಒಣಗಿಸಿ, ಪೊಟ್ಟಣ ಕಟ್ಟಿ, ಲಾರಿಯಲ್ಲಿ ಸಾಗಿಸಿ, ಔಷಧದಂಗಡಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಮೇಲೂ, ಹನಿ ಬಿದ್ದ ಕೂಡಲೇ ಅವು ಬಿಡಿಬಿಡಿಯಾಗಿ ಎದ್ದು ಹರಿಯುತ್ತವೆ. ಒಂದಕ್ಕೊಂದು ಅಂಟಿ ಗಂಟುಕಟ್ಟಿದ್ದರೆ ಬಣ್ಣ ನೀಲಿಗೆ ತಿರುಗುತ್ತಿತ್ತು, ಹರಿವು ನಿಲ್ಲುತ್ತಿತ್ತು, ಪಟ್ಟಿ ಸುಳ್ಳು ಹೇಳುತ್ತಿತ್ತು.

ಜೀವಕೋಶದೊಳಗೆ, ಅಂಗಾಂಶದೊಳಗೆ ನಡೆಯುವುದನ್ನು ಬೆಳಕಿನ ನೆರವಿನಿಂದ ನೋಡಲು ಬಳಸುವ ಗುರುತು ಕಣಗಳ ಕತೆಯೂ ಇದೇ. ಪರೀಕ್ಷೆ ಮಾತ್ರ ಇನ್ನೂ ಕಠಿಣ. ಈ ಕ್ಷೇತ್ರದಲ್ಲಿ ಹೆಸರು ಮತ್ತು ಬಿರುದು ಬಹುಮಟ್ಟಿಗೆ ಬೆಳಕಿಗೇ ಸಂದಿವೆ. ಅಂಬಲಿ ಮೀನಿನ ಹಸಿರು ಪ್ರೋಟೀನಿಗಾಗಿ ಶಿಮೊಮುರಾ, ಚಾಲ್ಫಿ ಮತ್ತು ಸಿಯೆನ್ ಅವರಿಗೆ 2008ರಲ್ಲಿ, ಕ್ವಾಂಟಮ್ ಡಾಟ್‌ಗಳಿಗಾಗಿ ಬವೆಂಡಿ, ಬ್ರೂಸ್ ಮತ್ತು ಎಕಿಮೊವ್ ಅವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು, ಹೊಸ ಗುರುತು ಕಣ ಎಂದ ಕೂಡಲೇ ಅದೆಷ್ಟು ಹೊಳೆಯುತ್ತದೆ ಎಂದಷ್ಟೇ ಕೇಳುವ ಅಭ್ಯಾಸದ ಬಗ್ಗೆ. ಸೂಕ್ಷ್ಮದರ್ಶಕದ ಚಿತ್ರ ನಿಜ ಹೇಳುತ್ತದೋ ಇಲ್ಲವೋ ಎಂಬುದು ಕಣದ ತಿರುಳಿಗಿಂತ ಹೆಚ್ಚಾಗಿ ಅದರ ಮೇಲಿನ ಕೆಲವೇ ನ್ಯಾನೊಮೀಟರ್ ದಪ್ಪದ ಹೊದಿಕೆಯಲ್ಲಿ ತೀರ್ಮಾನವಾಗುತ್ತದೆ ಎಂಬುದು ನನ್ನ ವಾದ. ಆ ಹೊದಿಕೆಯನ್ನು ರೂಪಿಸುವಾಗಲೂ ‘ಎಷ್ಟು ಗಟ್ಟಿ’ ಎಂಬ ಪ್ರಶ್ನೆ ಸಾಲದು. ಯಾವ ದ್ರವದಲ್ಲಿ, ಎಷ್ಟು ಹೊತ್ತು ಎಂದು ಕೇಳಬೇಕು.

ಕಣಗಳ ಗೋಜೇ ಏಕೆ, ಪ್ರತಿದೀಪ್ತಿ ಬಣ್ಣಗಳು ಇದ್ದೇ ಇವೆಯಲ್ಲ ಎನ್ನಬಹುದು. ಬಣ್ಣದ ಅಣುಗಳು ಅಗ್ಗ, ಪುಟ್ಟವು, ಎಲ್ಲ ಪ್ರಯೋಗಾಲಯಗಳಿಗೂ ಪರಿಚಿತ. ಅವುಗಳ ದೊಡ್ಡ ಕೊರತೆ ಆಯುಸ್ಸು. ಒಳ್ಳೆಯ ಬಣ್ಣದ ಒಂದು ಅಣು ಒಂದು ಲಕ್ಷದಿಂದ ಹತ್ತು ಲಕ್ಷದಷ್ಟು ಫೋಟಾನುಗಳನ್ನು ಹೊರಸೂಸುವಷ್ಟರಲ್ಲಿ ಸಾಮಾನ್ಯವಾಗಿ ಕೆಟ್ಟುಹೋಗುತ್ತದೆ. ಬೆಳಕು ಹೀರಿ ಉದ್ರೇಕಗೊಂಡ ಅಣು ಸುತ್ತಲಿನ ಆಮ್ಲಜನಕದ ಜತೆ ವರ್ತಿಸಿ ತನ್ನ ರಚನೆಯನ್ನೇ ಕಳೆದುಕೊಳ್ಳುತ್ತದೆ. ತೀಕ್ಷ್ಣ ಲೇಸರಿನಡಿ ಒಂಟಿ ಅಣುವಿಗೆ ಇದು ಕೆಲವು ಸೆಕೆಂಡುಗಳ ಮಾತು. ಪ್ಯಾರಿಸ್ಸಿನ ಮ್ಯಾಕ್ಸಿಮ್ ದಹಾನ್ ಮತ್ತು ಸಂಗಡಿಗರು 2003ರಲ್ಲಿ ನರಕೋಶದ ಪೊರೆಯ ಮೇಲಿನ ಗ್ಲೈಸೀನ್ ಗ್ರಾಹಕಗಳಿಗೆ ಒಂದೊಂದು ಕ್ವಾಂಟಮ್ ಡಾಟ್ ಕಟ್ಟಿ, ಅವು ಎಲ್ಲೆಲ್ಲಿ ಅಲೆಯುತ್ತವೆ ಎಂಬುದನ್ನು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಹಿಂಬಾಲಿಸಿದರು. ಗ್ರಾಹಕಗಳು ಒಂದೇ ಕಡೆ ನೆಟ್ಟಗೆ ಕೂರುವುದಿಲ್ಲ, ನರಸಂಧಿಯ ಒಳಕ್ಕೂ ಹೊರಕ್ಕೂ ಓಡಾಡುತ್ತವೆ ಎಂಬುದು ಕಣ್ಣಿಗೆ ಕಂಡಿತು. ಕೆಲವು ಸೆಕೆಂಡಿನ ಗುರುತಿನಿಂದ ಆ ಓಡಾಟದ ತುಣುಕು ಸಿಗುತ್ತಿತ್ತೇ ಹೊರತು ದಾರಿ ಸಿಗುತ್ತಿರಲಿಲ್ಲ. ಹೀಗಾಗಿ ದೀರ್ಘಾಯುಸ್ಸಿನ ಬೆಳಕು ಬೇಕೆನ್ನುವುದರಲ್ಲಿ ಎರಡು ಮಾತಿಲ್ಲ. ಆ ಬೆಳಕಾದರೂ ಎಲ್ಲಿಂದ ಬರುತ್ತದೆ ಎಂದು ನೋಡಹೊರಟರೆ ಹೊದಿಕೆ ಎದುರಾಗುತ್ತದೆ.

ಕ್ವಾಂಟಮ್ ಡಾಟ್ ಎಂದರೆ ಕೆಲವು ನ್ಯಾನೊಮೀಟರ್ ಗಾತ್ರದ ಅರೆವಾಹಕ ಹರಳು. ಹರಳು ಚಿಕ್ಕದಾದಷ್ಟೂ ಒಳಗಿನ ಎಲೆಕ್ಟ್ರಾನಿಗೆ ಜಾಗ ಇಕ್ಕಟ್ಟಾಗಿ ಹೊಮ್ಮುವ ಬೆಳಕು ನೀಲಿಯತ್ತ ಸರಿಯುತ್ತದೆ, ದೊಡ್ಡದಾದಷ್ಟೂ ಕೆಂಪಿನತ್ತ. ಇದು ಎಲ್ಲ ಪುಸ್ತಕಗಳಲ್ಲೂ ಸಿಗುವ ಮಾತು. ಅಷ್ಟಾಗಿ ಹೇಳದಿರುವ ಸಂಗತಿಯೆಂದರೆ, ಇಷ್ಟು ಚಿಕ್ಕ ಹರಳಿನಲ್ಲಿ ಪರಮಾಣುಗಳ ದೊಡ್ಡ ಪಾಲು ಮೇಲ್ಮೈಯಲ್ಲೇ ಇರುತ್ತದೆ. ಒಳಗಿನ ಪರಮಾಣುವಿಗೆ ಸುತ್ತಲೂ ನೆರೆಯವರಿದ್ದಾರೆ; ಮೇಲ್ಮೈಯದಕ್ಕೆ ಒಂದು ಬದಿ ಬರಿದು. ಅಲ್ಲಿನ ತುಂಡಾದ ಬಂಧಗಳು ಎಲೆಕ್ಟ್ರಾನನ್ನು ಹಿಡಿದಿಟ್ಟು, ಬೆಳಕಾಗಬೇಕಿದ್ದ ಶಕ್ತಿಯನ್ನು ಶಾಖವಾಗಿಸಿಬಿಡುತ್ತವೆ. ಕ್ಯಾಡ್ಮಿಯಂ ಸೆಲೆನೈಡ್ ಹರಳಿನ ಮೇಲೆ ಸತುವಿನ ಸಲ್ಫೈಡಿನ ತೆಳು ಚಿಪ್ಪು ಬೆಳೆಸಿದಾಗ ಹೀರಿದ ಫೋಟಾನುಗಳಲ್ಲಿ ಅರ್ಧದಷ್ಟು ಬೆಳಕಾಗಿಯೇ ಮರಳುತ್ತವೆ ಎಂದು ಹೈನ್ಸ್ ಮತ್ತು ಗಿಯೊ-ಸಿಯೊನೆ 1996ರಲ್ಲಿ ತೋರಿಸಿದರು. ಒಂಟಿ ಡಾಟ್ ಕಣ್ಣುಮಿಟುಕಿಸಿದಂತೆ ಹೊತ್ತಿ ಆರುತ್ತದೆ ಎಂಬುದೂ ಅದೇ ವರ್ಷ ವರದಿಯಾಯಿತು. 2008ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಎರಡು ತಂಡಗಳು ದಪ್ಪ ಚಿಪ್ಪು ತೊಡಿಸಿ ಆ ಮಿಟುಕನ್ನು ಬಹುಪಾಲು ಅಡಗಿಸಿದವು. ಎಂದರೆ, ತಿರುಳಿನ ಗುಣವೆಂದು ನಾವು ಕೊಂಡಾಡುವ ಹೊಳಪಿನ ಅರ್ಧ ಶ್ರೇಯಸ್ಸು ಚಿಪ್ಪಿನದು.

ಅಷ್ಟಾದರೂ ಈ ಕಣಗಳು ಹುಟ್ಟುವುದು ಜೀವಿಗಳ ಲೋಕದಿಂದ ಬಹುದೂರದಲ್ಲಿ. ಬವೆಂಡಿ ತಂಡ 1993ರಲ್ಲಿ ರೂಢಿಗೆ ತಂದ ವಿಧಾನದಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ಸಿನ ಕಾದ ದ್ರಾವಕಕ್ಕೆ ಕಚ್ಚಾ ರಾಸಾಯನಿಕಗಳನ್ನು ಒಮ್ಮೆಲೇ ಚುಚ್ಚುತ್ತಾರೆ. ಹುಟ್ಟಿದ ಹರಳುಗಳ ಮೈತುಂಬ ಜಿಡ್ಡಿನ ಅಣುಗಳು. ನೀರಿಗೆ ಹಾಕಿದರೆ ಬೆರೆಯುವುದೇ ಇಲ್ಲ. ಅವನ್ನು ನೀರಿಗೆ ಒಗ್ಗಿಸಿ ಜೀವಕೋಶಕ್ಕೆ ಗುರುತಾಗಿ ಬಳಸಿದ ಮೊದಲ ಎರಡು ವರದಿಗಳು 1998ರ ಸೆಪ್ಟೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಬ್ರೂಶೆ ಮತ್ತು ಅಲಿವಿಸಾಟೋಸ್ ತಂಡ ಕಣಕ್ಕೆ ಸಿಲಿಕಾದ ಹೊದಿಕೆ ಕಟ್ಟಿತು. ಚಾನ್ ಮತ್ತು ನಿಯೆ ಗಂಧಕದ ತುದಿಯುಳ್ಳ ಪುಟ್ಟ ಆಮ್ಲದ ಅಣುವನ್ನು ಮೈಗೆ ಹತ್ತಿಸಿದರು. ಸಾಮಾನ್ಯ ರೋಡಮೀನ್ ಬಣ್ಣಕ್ಕಿಂತ ತಮ್ಮ ಕಣ 20 ಪಟ್ಟು ಪ್ರಕಾಶಮಾನ, ಬಣ್ಣಗೆಡುವುದರ ವಿರುದ್ಧ 100 ಪಟ್ಟು ಗಟ್ಟಿ ಎಂದೂ ಬರೆದರು. ಎರಡರಲ್ಲೂ ತಿರುಳು ಹೆಚ್ಚುಕಡಿಮೆ ಒಂದೇ. ಆಮೇಲೆ ಈ ದಾರಿಯಲ್ಲಿ ನಡೆದವರಿಗೆ ಎದುರಾದ ವ್ಯತ್ಯಾಸವೆಲ್ಲ ಹೊದಿಕೆಯಿಂದ ಬಂದದ್ದು. ಗಂಧಕದ ಒಂದೇ ಕೊಂಡಿಯಲ್ಲಿ ನೇತಾಡುವ ಪುಟ್ಟ ಅಣುಗಳು ದಿನ ಕಳೆದಂತೆ ಕಳಚಿಕೊಳ್ಳುತ್ತವೆ, ಬೋಳಾದ ಕಣಗಳು ಸೀಸೆಯ ತಳದಲ್ಲಿ ಗಸಿಯಾಗುತ್ತವೆ. ಅದಕ್ಕೇ ಮುಂದಿನ ವರ್ಷಗಳಲ್ಲಿ ಇಡೀ ಕಣವನ್ನು ಪಾಲಿಮರಿನಲ್ಲೋ ಕೊಬ್ಬಿನ ಅಣುಗಳ ಗೂಡಿನಲ್ಲೋ ಸುತ್ತಿಡುವ ಹಾದಿ ಹಿಡಿದರು. ದುಬೆರ್ತ್ರೆ ಮತ್ತು ಸಂಗಡಿಗರು 2002ರಲ್ಲಿ ಹಾಗೆ ಸುತ್ತಿದ ಡಾಟ್‌ಗಳನ್ನು ಆಫ್ರಿಕದ ಕಪ್ಪೆಯ ಭ್ರೂಣಕ್ಕೆ ಚುಚ್ಚಿ, ಕೋಶಗಳು ಒಡೆದೊಡೆದು ಗೊದಮೊಟ್ಟೆಯಾಗುವ ತನಕ ಬೆಳಕನ್ನು ಹಿಂಬಾಲಿಸಿದರು.

ಕಣ ಗಸಿಯಾಗುವುದೇಕೆ ಎಂಬುದಕ್ಕೆ ಉತ್ತರ ನ್ಯಾನೊ ಎಂಬ ಹೆಸರಿಗಿಂತ ಹಳೆಯದು. ಮೈಕೆಲ್ ಫ್ಯಾರಡೆ 1857ರಲ್ಲಿ ಮಾಣಿಕ್ಯದ ಬಣ್ಣದ ಚಿನ್ನದ ದ್ರಾವಣಕ್ಕೆ ಉಪ್ಪು ಬೆರೆಸಿದಾಗ ಅದು ನೀಲಿಗೆ ತಿರುಗಿದ್ದನ್ನು ದಾಖಲಿಸಿದ. ಕಣಗಳ ಮೈಮೇಲಿನ ವಿದ್ಯುದಂಶ ಅವನ್ನು ಪರಸ್ಪರ ದೂರವಿಡುತ್ತದೆ. ಉಪ್ಪಿನ ಅಯಾನುಗಳು ನಡುವೆ ಪರದೆ ಎಳೆಯುತ್ತವೆ. ಆಗ ತೀರಾ ಹತ್ತಿರದಲ್ಲಷ್ಟೇ ಪ್ರಬಲವಾಗುವ ಆಕರ್ಷಣೆ ಗೆದ್ದು ಕಣಗಳು ಅಂಟಿಕೊಳ್ಳುತ್ತವೆ. 1940ರ ದಶಕದಲ್ಲಿ ರಷ್ಯದ ಡೆರ್ಯಾಗಿನ್ ಮತ್ತು ಲಂಡಾವ್, ಹಾಲೆಂಡಿನ ವರ್ವೇ ಮತ್ತು ಓವರ್‌ಬೀಕ್ ಇದಕ್ಕೆ ಲೆಕ್ಕದ ರೂಪ ಕೊಟ್ಟರು. ಆ ಲೆಕ್ಕ ಹೇಳುವ ಒಂದು ಅಂಕಿ ಇಡೀ ಕ್ಷೇತ್ರದ ಹಣೆಬರಹವಾಗಿದೆ. ಲೀಟರಿಗೆ ಒಂದು ಮಿಲಿಮೋಲಿನಷ್ಟು ಉಪ್ಪಿರುವ ನೀರಿನಲ್ಲಿ ವಿದ್ಯುದಂಶದ ಪ್ರಭಾವ ಸುಮಾರು 10 ನ್ಯಾನೊಮೀಟರ್ ದೂರದವರೆಗೆ ಚಾಚುತ್ತದೆ. ರಕ್ತದಷ್ಟು ಉಪ್ಪಿರುವ ದ್ರವದಲ್ಲಿ ಅದು ಒಂದು ನ್ಯಾನೊಮೀಟರಿಗೂ ಕಡಿಮೆ. ಶುದ್ಧ ನೀರಿನ ಸೀಸೆಯಲ್ಲಿ ವರ್ಷಗಟ್ಟಲೆ ಕೆಂಪಗೆ ನಳನಳಿಸುವ ಕಣ ದೇಹದ್ರವದಲ್ಲಿ ಕೆಲವು ನಿಮಿಷಗಳಲ್ಲೇ ಗಂಟುಕಟ್ಟುವುದು ಇದರಿಂದ. ಉಪ್ಪಿನೆದುರು ವಿದ್ಯುದಂಶವನ್ನೇ ನಂಬಿ ಕೂರುವಂತಿಲ್ಲ ಎಂದಾದ ಮೇಲೆ ಉಳಿದ ಉಪಾಯ ದೈಹಿಕ ಅಂತರ. ನಮ್ಮ ಅಡುಗೆಮನೆಯ ಹಾಲು ಈ ಉಪಾಯದಿಂದಲೇ ಹಾಲಾಗಿ ಉಳಿದಿದೆ: ಅದರ ಕೇಸೀನ್ ಉಂಡೆಗಳ ಮೈಮೇಲೆ ಕೂದಲಿನಂತೆ ಚಾಚಿದ ಪ್ರೋಟೀನಿನ ಎಳೆಗಳು ಒಂದನ್ನೊಂದು ಮುಟ್ಟಗೊಡುವುದಿಲ್ಲ, ನಿಂಬೆಹುಳಿ ಬಿದ್ದು ಆ ಎಳೆಗಳು ಮುದುಡಿದರೆ ಹಾಲು ಒಡೆಯುತ್ತದೆ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲೇ ರಿಚರ್ಡ್ ಜಿಗ್ಮಾಂಡಿ, ಉಪ್ಪು ಸುರಿದರೂ ಚಿನ್ನದ ದ್ರಾವಣದ ಕೆಂಪು ಕೆಡದಂತೆ ಕಾಯಲು ಎಷ್ಟು ಜಿಲೆಟಿನ್ ಸಾಕು, ಎಷ್ಟು ಗೋಂದು ಬೇಕು ಎಂದು ಅಳೆದು ಅದಕ್ಕೆ ‘ಚಿನ್ನದ ಸಂಖ್ಯೆ’ ಎಂಬ ಮಾನವನ್ನೇ ಕೊಟ್ಟಿದ್ದ. ಅವನಿಗೆ 1925ರ ನೊಬೆಲ್ ಬಂದದ್ದು ಕಲಿಲಗಳ ಕುರಿತ ಕೆಲಸಕ್ಕೆ. ಹೊದಿಕೆಗೆ ಸಂದ ಪ್ರಶಸ್ತಿ ಹುಡುಕುವವರು ಅಲ್ಲಿಯವರೆಗೆ ಹಿಂದಕ್ಕೆ ಹೋಗಬೇಕು.

ಇಂದಿನ ಜಿಲೆಟಿನ್ ಎಂದರೆ ಪಾಲಿಎಥಿಲೀನ್ ಗ್ಲೈಕಾಲ್, ಪ್ರಯೋಗಾಲಯದ ಭಾಷೆಯಲ್ಲಿ ಪೆಗ್. ನೀರನ್ನು ಮೈತುಂಬ ಹಿಡಿದುಕೊಳ್ಳುವ ಈ ಉದ್ದನೆಯ ಎಳೆಗಳು ಕಣದ ಸುತ್ತ ಪೊದೆಯಂತೆ ನಿಂತು ಇತರ ಕಣಗಳನ್ನೂ ಪ್ರೋಟೀನುಗಳನ್ನೂ ಹೊರಗಿಡುತ್ತವೆ. ಎಳೆ ಎಷ್ಟು ಚೆನ್ನಾಗಿದ್ದರೂ ಅದರ ಬುಡದ ಕೊಂಡಿ ಗಟ್ಟಿಯಿರಬೇಕು. ಚಿನ್ನಕ್ಕೆ ಗಂಧಕದ ಮೂಲಕ ಕಟ್ಟುವುದು ವಾಡಿಕೆ. ಜೀವಕೋಶದೊಳಗೆ ಗ್ಲುಟಾಥಯೋನ್ ಎಂಬ ಗಂಧಕಯುಕ್ತ ಅಣು ಲೀಟರಿಗೆ ಒಂದರಿಂದ ಹತ್ತು ಮಿಲಿಮೋಲಿನಷ್ಟು ಸಮೃದ್ಧವಾಗಿದೆ. ಅದು ಬಂದು ಬಂದು ಮುಟ್ಟಿ, ಮೊದಲಿದ್ದ ಎಳೆಯನ್ನು ಸರಿಸಿ ತಾನು ಕೂರುತ್ತದೆ. ಕೋಶ ನುಂಗಿದ ಕಣ ಕೊನೆಗೆ ಸೇರುವ ಲೈಸೊಸೋಮಿನ ಆಮ್ಲತೆ ಪಿಎಚ್ 5ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಒಂದು ಕೊಂಡಿಯ ಬದಲು ಎರಡು ಮೂರು ಕೊಂಡಿಗಳಿಂದ ಕಟ್ಟುವುದು, ಎಳೆಗಳನ್ನು ಅಡ್ಡಡ್ಡ ಹೆಣೆಯುವುದು, ಒಳಗೆ ಸಿಲಿಕಾ ಹೊದಿಸಿ ಹೊರಗೆ ಪೆಗ್ ನೆಡುವುದು, ಇವೆಲ್ಲ ಈ ಕಿತ್ತಾಟಕ್ಕೆ ಕೊಟ್ಟ ಉತ್ತರಗಳು. ಪ್ರತಿಯೊಂದೂ ಕಣವನ್ನು ಒಂದಿಷ್ಟು ದಪ್ಪಗಾಗಿಸುತ್ತದೆ.

ಇನ್ನು ರಕ್ತಕ್ಕೆ ಇಳಿದ ಕಣಕ್ಕೆ ನಾವು ತೊಡಿಸಿದ ಹೊದಿಕೆಯೇ ಕೊನೆಯದಲ್ಲ. ಸೀರಮ್ಮಿನ ಪ್ರೋಟೀನುಗಳು ಮುತ್ತಿಕೊಂಡು ಇನ್ನೊಂದು ಪದರ ಕಟ್ಟುತ್ತವೆ. ಅಲ್ಬುಮಿನಿನಂಥವು ಮೊದಲು ಬಂದು ಕೂರುತ್ತವೆ, ಆಮೇಲೆ ಇನ್ನೂ ಬಿಗಿಯಾಗಿ ಹಿಡಿಯುವ ಪ್ರೋಟೀನುಗಳು ಅವನ್ನು ಎಬ್ಬಿಸಿ ಜಾಗ ಹಿಡಿಯುತ್ತವೆ. ಕ್ಯಾನ್ಸರ್ ಕೋಶವನ್ನು ಗುರುತಿಸಲೆಂದು ಕಣದ ತುದಿಗೆ ಕಟ್ಟಿದ ಪ್ರತಿಕಾಯ ಈ ಗುಂಪಿನಡಿ ಹೂತುಹೋದರೆ ಕಣ ಎಂದಿನಂತೆ ಹೊಳೆಯುತ್ತಲೇ ಇರುತ್ತದೆ. ಎಲ್ಲಿ ಹೊಳೆಯಬೇಕಿತ್ತೋ ಅಲ್ಲಿರುವುದಿಲ್ಲ. ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳು ಅದನ್ನು ಹಿಡಿದು ನುಂಗಿರುತ್ತವೆ. ಹೊಳಪಿನ ಅಳತೆ ಈ ಸೋಲನ್ನು ಹೇಳುವುದೇ ಇಲ್ಲ.

ಇದಕ್ಕಿಂತ ಮೋಸಗೊಳಿಸುವ ಸೋಲುಗಳೂ ಇವೆ. ಸಿಲಿಕಾ ಅಥವಾ ಪಾಲಿಮರ್ ಕಣದೊಳಗೆ ಬಣ್ಣದ ಅಣುಗಳನ್ನು ತುಂಬಿ ಗುರುತು ಮಾಡುವುದು ಸಾಮಾನ್ಯ ವಿಧಾನ. ಬಣ್ಣವನ್ನು ರಾಸಾಯನಿಕ ಬಂಧದಿಂದ ಕಟ್ಟದೆ ಬರಿದೇ ನೆನೆಸಿಟ್ಟಿದ್ದರೆ ಅದು ಸೀರಮ್ಮಿನಲ್ಲಿ ಸೋರುತ್ತದೆ, ಜಿಡ್ಡಿನ ಕೋಶಪೊರೆ ಕಂಡರೆ ಅಲ್ಲಿಗೆ ನೆಗೆಯುತ್ತದೆ. ಚಿತ್ರದಲ್ಲಿ ಕೋಶವೆಲ್ಲ ಬೆಳಗುತ್ತದೆ, ಕಣ ಒಳಗೆ ಹೋಗಿದೆ ಎಂದು ಲೇಖಕರು ಬರೆಯುತ್ತಾರೆ. ಒಳಗೆ ಹೋದದ್ದು ಬಣ್ಣ, ಕಣ ಹೊರಗೇ ಉಳಿದಿದೆ. ಇನ್ನೊಂದು ಉದಾಹರಣೆ ರಾಮನ್ ಚದುರಿಕೆಯನ್ನು ಬಳಸುವ ಗುರುತುಗಳದು. 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಈ ಪರಿಣಾಮವನ್ನು ಬೆನ್ನಿಗಿಟ್ಟುಕೊಂಡು ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದರು, ಕೊನೆಯವರೆಗೂ ಇಲ್ಲೇ ಇದ್ದರು. ಅವರು ಕಂಡ ಬೆಳಕು ಎಷ್ಟು ಕ್ಷೀಣವೆಂದರೆ ಸಾಮಾನ್ಯವಾಗಿ ಕೋಟಿ ಫೋಟಾನಿಗೆ ಒಂದರಂತೆ. ಅಣುವನ್ನು ಚಿನ್ನ ಅಥವಾ ಬೆಳ್ಳಿಯ ಒರಟು ಮೈಗೆ ಅಂಟಿಸಿದರೆ ಅದು ಲಕ್ಷಾಂತರ ಪಟ್ಟು ಹಿಗ್ಗುತ್ತದೆ ಎಂದು 1970ರ ದಶಕದಲ್ಲಿ ಗೊತ್ತಾಯಿತು. ಅಣು ಅಂಟಿಸಿದ ಚಿನ್ನದ ಕಣಕ್ಕೆ ಸಿಲಿಕಾ ಹೊದಿಸಿದರೆ ಬಣ್ಣಗೆಡದ, ಚೂಪು ಗೆರೆಗಳ ಸೊಗಸಾದ ಗುರುತು ಸಿದ್ಧ. ಹಲವನ್ನು ಒಟ್ಟಿಗೆ ಬಳಸಿದರೂ ಗೆರೆಗಳು ಬೆರೆತುಹೋಗುವುದಿಲ್ಲ. ತೊಡಕೆಂದರೆ, ಎರಡು ಚಿನ್ನದ ಕಣಗಳು ಅಂಟುವಷ್ಟು ಹತ್ತಿರ ಬಂದಾಗ ನಡುವಿನ ಸಂದಿಯಲ್ಲಿ ಸಂಕೇತ ಒಮ್ಮೆಲೇ ಏರುತ್ತದೆ. ಹೊದಿಕೆ ಕೈಕೊಟ್ಟು ಕಣಗಳು ಗಂಟುಕಟ್ಟಿದ ಕಡೆ ಚಿತ್ರ ಮತ್ತಷ್ಟು ಬೆಳಗುತ್ತದೆ. ಅದನ್ನು ನೋಡಿದವರು ಅಲ್ಲಿ ಗ್ರಾಹಕಗಳು ದಟ್ಟವಾಗಿವೆ ಎಂದು ಓದುವ ಅಪಾಯವಿದೆ. ಕೆಟ್ಟ ಗುರುತು ಒಳ್ಳೆಯದಕ್ಕಿಂತ ಪ್ರಕಾಶಮಾನವಾಗಿ ಕಾಣಬಲ್ಲದು ಎಂದ ಮೇಲೆ, ಪ್ರಕಾಶವನ್ನು ಗುಣಮಟ್ಟದ ಅಳತೆಗೋಲಾಗಿ ಹಿಡಿಯುವುದು ಹೇಗೆ?

ಚಿನ್ನದ ಕಡ್ಡಿಗಳಲ್ಲಿ ಬೆಳಕೇ ಶತ್ರುವಾಗುತ್ತದೆ. ಉಂಡೆಯಾಕಾರದ ಚಿನ್ನದ ಕಣ 520 ನ್ಯಾನೊಮೀಟರಿನ ಆಸುಪಾಸಿನ ಹಸಿರು ಬೆಳಕನ್ನು ಹೀರುತ್ತದೆ. ಅದನ್ನು ಉದ್ದಕ್ಕೆ ಎಳೆದು ಕಡ್ಡಿಯಾಗಿಸಿದರೆ ಹೀರುವ ಬೆಳಕು 800 ನ್ಯಾನೊಮೀಟರಿನ ಅವಗೆಂಪಿಗೆ ಸರಿಯುತ್ತದೆ. ಸರಿಸುವುದಕ್ಕೆ ಕಾರಣವಿದೆ. ಸುಮಾರು 650ಕ್ಕಿಂತ ಕಡಿಮೆ ತರಂಗಾಂತರವನ್ನು ರಕ್ತದ ಹಿಮೋಗ್ಲೋಬಿನ್ ನುಂಗುತ್ತದೆ, 950 ದಾಟಿದರೆ ನೀರು ನುಂಗತೊಡಗುತ್ತದೆ. ನಡುವಿನ ಕಿಟಕಿಯಲ್ಲಿ ಮಾತ್ರ ಬೆಳಕು ಅಂಗಾಂಶದೊಳಗೆ ಒಂದಿಷ್ಟು ಆಳಕ್ಕಿಳಿಯುತ್ತದೆ. ಕಡ್ಡಿಗೆ ಲೇಸರಿನ ಮಿಡಿತ ಕೊಟ್ಟರೆ ಅದು ಬಿಸಿಯಾಗಿ ಸುತ್ತಲಿನ ದ್ರವವನ್ನು ಹಿಗ್ಗಿಸಿ ಶಬ್ದದ ಅಲೆ ಎಬ್ಬಿಸುತ್ತದೆ, ಆ ಶಬ್ದದಿಂದ ಚಿತ್ರ ಕಟ್ಟುತ್ತಾರೆ. ಅದೇ ಬಿಸಿಗೆ ಕಡ್ಡಿಯ ಚಿನ್ನವೂ ಹರಿದಾಡಿ, ಕಡ್ಡಿ ಮೋಟಾಗಿ ಉಂಡೆಯಾಗಿಬಿಡುತ್ತದೆ. ಆಗ ಅದು 800ರ ಬೆಳಕಿಗೆ ಕುರುಡು. ಮೊದಲ ಚಿತ್ರದಲ್ಲಿದ್ದದ್ದು ಹತ್ತನೆಯ ಚಿತ್ರದಲ್ಲಿ ಮಸುಕಾದರೆ, ಗುರುತು ಅಲ್ಲಿಂದ ಚದುರಿಹೋಯಿತೋ ಇದ್ದಲ್ಲೇ ಆಕಾರ ಕೆಟ್ಟಿತೋ ಎಂದು ಹೇಳುವುದು ಕಷ್ಟ. ಸಿಲಿಕಾದ ಕವಚ ತೊಡಿಸಿದಾಗ ಕಡ್ಡಿ ಹೆಚ್ಚು ಹೊಡೆತ ತಾಳುತ್ತದೆ: ಕವಚ ಆಕಾರವನ್ನು ಬಿಗಿಹಿಡಿಯುತ್ತದೆ, ಶಾಖವನ್ನೂ ಬೇಗ ಹೊರಗೆ ದಾಟಿಸುತ್ತದೆ.

ಈ ವಾದಕ್ಕೆ ಎದುರಾಗಿ ಹೇಳಬಹುದಾದ ಮೊದಲ ಮಾತು: ಹೊದಿಕೆಯ ಹಂಗಿಲ್ಲದ, ಸ್ವಭಾವದಿಂದಲೇ ಕೆಡದ ತಿರುಳು ಹುಡುಕಿದರಾಯಿತಲ್ಲ? ನ್ಯಾನೊ ವಜ್ರ ಅಂಥದ್ದು. ವಜ್ರದ ಜಾಲದಲ್ಲಿ ಒಂದು ನೈಟ್ರೋಜನ್ ಪರಮಾಣು, ಪಕ್ಕದಲ್ಲೊಂದು ಖಾಲಿ ತಾಣ, ಇಷ್ಟಿದ್ದರೆ ಹಸಿರು ಬೆಳಕಿಗೆ ಕೆಂಪಾಗಿ ಹೊಳೆಯುತ್ತದೆ. ಬಣ್ಣಗೆಡುವ ಕಾಟ ಇಲ್ಲವೆಂದೇ ಹೇಳಬಹುದು. ವಿರಳ ಭಸ್ಮ ಲೋಹಗಳ ಕಣಗಳೂ ಹಾಗೆಯೇ: ಯಿಟರ್ಬಿಯಂ ಮತ್ತು ಎರ್ಬಿಯಂ ಬೆರೆಸಿದ ಸೋಡಿಯಂ ಯಿಟ್ರಿಯಂ ಫ್ಲೋರೈಡ್ 980 ನ್ಯಾನೊಮೀಟರಿನ ಕಾಣದ ಬೆಳಕನ್ನು ಹೀರಿ ಹಸಿರು, ಕೆಂಪನ್ನು ಹೊಮ್ಮಿಸುತ್ತದೆ. ಹೀಗೆ ಕಡಿಮೆ ಶಕ್ತಿಯ ಬೆಳಕನ್ನು ಹೆಚ್ಚು ಶಕ್ತಿಯದಾಗಿಸುವ ವಸ್ತು ಜೀವಕೋಶದಲ್ಲಿ ಇಲ್ಲವಾದ್ದರಿಂದ ಹಿನ್ನೆಲೆ ಕತ್ತಲಾಗಿಯೇ ಇರುತ್ತದೆ. ಮನಸೋಲುವಂಥ ಗುಣಗಳೇ ಇವು. ಆದರೆ ಈ ಫ್ಲೋರೈಡ್ ಕಣವನ್ನು ನೀರಿನಲ್ಲಿ ತೆಳುವಾಗಿ ಬೆರೆಸಿದರೆ ಅದು ನಿಧಾನವಾಗಿ ಕರಗತೊಡಗುತ್ತದೆ, ಫಾಸ್ಫೇಟ್ ಇದ್ದರೆ ಇನ್ನೂ ಬೇಗ. ಮೈಗೆ ತಾಗಿದ ನೀರಿನ ಅಣುಗಳು ಕಂಪಿಸುತ್ತ ಬೆಳಕಿನ ಶಕ್ತಿಯನ್ನೂ ಕದಿಯುತ್ತವೆ. ಪರಿಹಾರವೆಂದರೆ ಬೆಳಗದ ಫ್ಲೋರೈಡಿನ ಇನ್ನೊಂದು ಚಿಪ್ಪು, ಅದರ ಮೇಲೆ ಬಿಗಿಯಾಗಿ ಹಿಡಿಯುವ ಫಾಸ್ಫೊನೇಟ್ ಹೊದಿಕೆ. ವಜ್ರದ ಬೆಳಕೇನೋ ಅಮರ, ಆದರೆ ಉಪ್ಪುನೀರಿನಲ್ಲಿ ಬೋಳು ವಜ್ರದ ಕಣಗಳೂ ಗಂಟುಕಟ್ಟುತ್ತವೆ. ತಿರುಳು ಎಷ್ಟೇ ಗಟ್ಟಿಯಿದ್ದರೂ ಹೊದಿಕೆಯ ಕೆಲಸ ತಪ್ಪಲಿಲ್ಲ.

ಎರಡನೆಯ ಆಕ್ಷೇಪ ನಿಜಕ್ಕೂ ತೂಕದ್ದು. ಪದರದ ಮೇಲೆ ಪದರ ಹೊದಿಸುತ್ತ ಹೋದರೆ ಕಣ ದಪ್ಪವಾಗುತ್ತದೆ; ಅಳೆಯಹೊರಟ ಚಲನೆಯನ್ನು ಅಳತೆಯ ಸಾಧನವೇ ತಡೆಯುತ್ತದೆ. ಕೆಲವೇ ನ್ಯಾನೊಮೀಟರಿನ ಹರಳು ಪಾಲಿಮರ್ ಮತ್ತು ಪ್ರತಿಕಾಯ ಹೊತ್ತಾಗ 20ರಿಂದ 30 ನ್ಯಾನೊಮೀಟರ್ ಆಗಿಬಿಡುತ್ತದೆ. ನರಸಂಧಿಯ ಎರಡು ಪೊರೆಗಳ ನಡುವಿನ ಬಿರುಕೂ ಸುಮಾರು ಅಷ್ಟೇ ಅಗಲ. ಅಲ್ಲಿಗೆ ನುಗ್ಗಲಾರದ ಅಥವಾ ನುಗ್ಗಿ ತೆವಳುವ ಗುರುತು, ಗ್ರಾಹಕ ನಿಧಾನವಾಗಿ ಚಲಿಸುತ್ತದೆ ಎಂಬ ತಪ್ಪು ವರದಿ ಕೊಡಬಲ್ಲದು. ಇಂಥ ಕಡೆ ಬೇಗ ಆರಿಹೋಗುವ ಪುಟ್ಟ ಬಣ್ಣದ ಅಣುವೇ ಮೇಲು ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಈ ಆಕ್ಷೇಪವೂ ಕೊನೆಗೆ ಹೊದಿಕೆಯ ಬಗೆಗಿನದೇ: ದಪ್ಪವಿಲ್ಲದೆ ಬಿಗಿ ಸಾಧ್ಯವೇ ಎಂಬುದು ಅದರ ಸಾರ. ಧನ, ಋಣ ಎರಡೂ ವಿದ್ಯುದಂಶಗಳನ್ನು ಒಟ್ಟಿಗೆ ಹೊತ್ತ ಪುಟ್ಟ ಅಣುಗಳ ತೆಳು ಹೊದಿಕೆಗಳು ಆ ದಿಕ್ಕಿನ ಪ್ರಯತ್ನ.

ಮೂರನೆಯದು ಇನ್ನೂ ಗಂಭೀರ, ಏಕೆಂದರೆ ಅದು ‘ಸ್ಥಿರತೆ ಒಳ್ಳೆಯದು’ ಎಂಬ ಬುಡಕ್ಕೇ ಕೈಹಾಕುತ್ತದೆ. ಕೆಡದ ಕಣ ದೇಹದಿಂದ ಹೋಗುವುದಾದರೂ ಯಾವಾಗ? ಡೆರ್ಫಸ್, ಚಾನ್ ಮತ್ತು ಭಾಟಿಯಾ 2004ರಲ್ಲಿ ತೋರಿಸಿದಂತೆ, ಗಾಳಿ ಅಥವಾ ನೇರಳಾತೀತ ಬೆಳಕಿಗೆ ಒಡ್ಡಿದ ಕ್ಯಾಡ್ಮಿಯಂ ಸೆಲೆನೈಡ್ ಕಣಗಳಿಂದ ಕ್ಯಾಡ್ಮಿಯಂ ಅಯಾನುಗಳು ಬಿಡುಗಡೆಯಾಗಿ ಯಕೃತ್ತಿನ ಕೋಶಗಳು ಸಾಯುತ್ತವೆ. ಸತುವಿನ ಸಲ್ಫೈಡಿನ ಚಿಪ್ಪು ಅದನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಇಲಿಗಳಿಗೆ ಚುಚ್ಚಿದ ಡಾಟ್‌ಗಳು ಎರಡು ವರ್ಷದ ಮೇಲೂ ಹೊಳೆಯುತ್ತಿದ್ದುದನ್ನು 2009ರ ಅಧ್ಯಯನವೊಂದು ಕಂಡಿತು. ಬೆಳಕು ನೀಲಿಯತ್ತ ಸರಿದಿತ್ತು. ಹರಳಿನ ಗಾತ್ರವೇ ಬಣ್ಣವನ್ನು ನಿರ್ಧರಿಸುವುದರಿಂದ, ಅದು ನಿಧಾನವಾಗಿ ಸವೆಯುತ್ತಿರುವುದರ ಸೂಚನೆಯೆಂದು ಓದಬಹುದು. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೀಸಸ್ ಕೋತಿಗಳಿಗೆ ಇಂಥ ಕಣಗಳನ್ನು ಕೊಟ್ಟು 90 ದಿನ ನೋಡಿದರು. ರಕ್ತಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಆದರೆ ಕೊಟ್ಟ ಕ್ಯಾಡ್ಮಿಯಮ್ಮಿನ ಬಹುಪಾಲು ಯಕೃತ್ತು, ಗುಲ್ಮ ಮತ್ತು ಮೂತ್ರಪಿಂಡಗಳಲ್ಲೇ ಉಳಿದಿತ್ತು. ಇದನ್ನು ಸುರಕ್ಷತೆಯ ಪುರಾವೆ ಎಂದು ಓದುವವರಿದ್ದಾರೆ. ಸಾಲದ ಕಂತು ಇನ್ನೂ ಶುರುವಾಗಿಲ್ಲ ಎಂದು ಓದುವುದು ಹೆಚ್ಚು ಸರಿ ಎಂದು ನನಗನ್ನಿಸುತ್ತದೆ. ಹಾಗೆಂದು ಸ್ಥಿರತೆಯ ಆಸೆಯನ್ನೇ ಬಿಡಬೇಕಾಗಿಲ್ಲ, ಅದಕ್ಕೊಂದು ಗಡುವು ಹಾಕಬೇಕು. ಗಡುವು ಹಾಕುವುದು ಹೇಗೆ ಎಂಬ ಸುಳಿವನ್ನು ಫ್ರಾಂಜಿಯೋನಿ ಮತ್ತು ಬವೆಂಡಿ ತಂಡಗಳು 2007ರಲ್ಲಿ ಕೊಟ್ಟವು. ದ್ರವದಲ್ಲಿ ಹೊದಿಕೆ ಸಮೇತ 5.5 ನ್ಯಾನೊಮೀಟರಿಗಿಂತ ಚಿಕ್ಕದಿರುವ ಡಾಟ್‌ಗಳು ಮೂತ್ರಪಿಂಡದಲ್ಲಿ ಸೋಸಿ ಬೇಗನೆ ಹೊರಹೋಗುತ್ತವೆ. ಬರೀ ಋಣ ಅಥವಾ ಬರೀ ಧನ ಹೊದಿಕೆಯ ಕಣಗಳು ಸೀರಮ್ಮಿನಲ್ಲಿ ಪ್ರೋಟೀನು ಹೊತ್ತು 15 ನ್ಯಾನೊಮೀಟರಿಗೂ ಮೀರಿ ಉಬ್ಬಿದವು; ಎರಡೂ ವಿದ್ಯುದಂಶಗಳುಳ್ಳ ಸಿಸ್ಟೀನ್ ಹೊದಿಕೆಯವು ಉಬ್ಬಲಿಲ್ಲ. ಹೊರಹೋಗುವ ದಾರಿಯ ಬಾಗಿಲನ್ನೂ ಹೊದಿಕೆಯೇ ತೆರೆದಿತ್ತು.

ಅಸ್ಥಿರತೆಯೇ ಉಪಯೋಗಕ್ಕೆ ಬಂದ ಸಂದರ್ಭವೂ ಇದೆಯಲ್ಲ ಎನ್ನಬಹುದು. ಇದೆ. 2014ರ ನೊಬೆಲ್ ಪಡೆದ ಅತಿ ಸ್ಫುಟ ಸೂಕ್ಷ್ಮದರ್ಶನದ ಒಂದು ಕವಲು ಅಣುಗಳು ಹೊತ್ತಿ ಆರುವುದನ್ನೇ ಬಳಸಿಕೊಂಡು ಒಂದೊಂದರ ಜಾಗ ಲೆಕ್ಕಹಾಕುತ್ತದೆ. ಡಾಟ್‌ಗಳ ಮಿಟುಕನ್ನೂ ಹಾಗೆ ದುಡಿಸಿಕೊಂಡಿದ್ದಾರೆ. ಅಲ್ಲಿ ಬೆಳಕು ಆರಿದರೂ ಗುರುತು ತನ್ನ ಪ್ರೋಟೀನಿಗೆ ಅಂಟಿಯೇ ಇರಬೇಕು, ಆದ್ದರಿಂದ ನನ್ನ ವಾದಕ್ಕೆ ಅದರಿಂದ ಧಕ್ಕೆಯೇನೂ ಇಲ್ಲ.

ಗಡುವಿನ ಲೆಕ್ಕದಲ್ಲಿ ಹೊದಿಕೆ ರೂಪಿಸುವುದೆಂದರೇನು ಎಂಬುದಕ್ಕೆ ಶಸ್ತ್ರಚಿಕಿತ್ಸಾ ಕೊಠಡಿಗಿಂತ ಒಳ್ಳೆಯ ಜಾಗವಿಲ್ಲ. ಸ್ತನದ ಅಥವಾ ಚರ್ಮದ ಕ್ಯಾನ್ಸರ್ ಹರಡಿದೆಯೇ ಎಂದು ತಿಳಿಯಲು, ಗಡ್ಡೆಯಿಂದ ದುಗ್ಧರಸ ಹರಿದು ಮೊದಲು ತಲುಪುವ ಗ್ರಂಥಿಯನ್ನು ಹುಡುಕಿ ತೆಗೆಯುತ್ತಾರೆ. 1959ರಿಂದ ಅಮೆರಿಕದಲ್ಲಿ ಅನುಮತಿಯಿರುವ ಇಂಡೊಸಯನೀನ್ ಗ್ರೀನ್ ಎಂಬ ಅವಗೆಂಪು ಬಣ್ಣವನ್ನು ಈ ಕೆಲಸಕ್ಕೂ ಬಳಸುತ್ತಾರೆ. ಅದು ಪುಟ್ಟ ಅಣು. ಮೊದಲ ಗ್ರಂಥಿಯಲ್ಲಿ ನಿಲ್ಲದೆ ಮುಂದಿನದಕ್ಕೂ ಹರಿದುಬಿಡುತ್ತದೆ. 2004ರಲ್ಲಿ ಹಂದಿಗಳ ಮೇಲೆ ನಡೆದ ಪ್ರಯೋಗದಲ್ಲಿ 15ರಿಂದ 20 ನ್ಯಾನೊಮೀಟರಿನ ಅವಗೆಂಪು ಡಾಟ್‌ಗಳು ಚರ್ಮದಿಂದ ಒಂದು ಸೆಂಟಿಮೀಟರ್ ಆಳದ ಗ್ರಂಥಿಯನ್ನು ನಿಮಿಷಗಳಲ್ಲಿ ಸೇರಿ ಅಲ್ಲೇ ನಿಂತವು. ಕೆಲಸಕ್ಕೆ ಹೇಳಿಮಾಡಿಸಿದ ಗಾತ್ರ. ಆದರೆ ಒಳಗೆ ಕ್ಯಾಡ್ಮಿಯಂ. ಕಾರ್ನೆಲ್ ವಿಶ್ವವಿದ್ಯಾಲಯದ ಉಲ್ರಿಕ್ ವೀಸ್ನರ್ ತಂಡ ಇನ್ನೊಂದು ತುದಿಯಿಂದ ಹೊರಟಿತು. ಬಣ್ಣದ ಅಣುಗಳನ್ನು ಸಿಲಿಕಾಕ್ಕೆ ರಾಸಾಯನಿಕ ಬಂಧದಿಂದಲೇ ಕಟ್ಟಿ, ಮೇಲೆ ಪೆಗ್ ನೆಟ್ಟು, ಒಟ್ಟು ಆರೇಳು ನ್ಯಾನೊಮೀಟರಿನಲ್ಲಿ ಮುಗಿಸಿತು. ಬಣ್ಣ ಸೋರದಷ್ಟು ಬಿಗಿ, ಮೂತ್ರಪಿಂಡ ದಾಟುವಷ್ಟು ಚಿಕ್ಕದು. ಮನುಷ್ಯರ ಮೇಲಿನ ಮೊದಲ ಪರೀಕ್ಷೆಗೆ 2011ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ಹರಡಿದ ಮೆಲನೋಮ ಇದ್ದ ಐವರು ರೋಗಿಗಳಿಂದ ಬಂದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಕಣಗಳು ದೇಹದಲ್ಲಿ ಒಡೆಯದೆ ಉಳಿದು ಮುಖ್ಯವಾಗಿ ಮೂತ್ರದಲ್ಲಿ ಹೊರಬಂದಿದ್ದವು. ಹೊಳಪಿನ ಸ್ಪರ್ಧೆಯಲ್ಲಿ ಒಳ್ಳೆಯ ಕ್ವಾಂಟಮ್ ಡಾಟ್ ಎದುರು ಈ ಕಣ ನಿಲ್ಲುವುದು ಕಷ್ಟ. ಮನುಷ್ಯನ ರಕ್ತದವರೆಗೆ ಬಂದದ್ದು ಇದು.

ಹಾಗಾದರೆ ಹೊಸ ಗುರುತು ಕಣದ ವರದಿಯಲ್ಲಿ ಏನನ್ನು ನೋಡಬೇಕು ಎಂಬುದೂ ಸ್ಪಷ್ಟವಾಗುತ್ತದೆ. ‘ಆರು ತಿಂಗಳು ಸ್ಥಿರ’ ಎಂದಿದ್ದರೆ, ಯಾವ ದ್ರವದಲ್ಲಿ ಎಂದು ಕೇಳಬೇಕು. ಫ್ರಿಜ್ಜಿನ ಶುದ್ಧ ನೀರಿನ ಆರು ತಿಂಗಳಿಗಿಂತ 37 ಡಿಗ್ರಿಯ ಸೀರಮ್ಮಿನ ಆರು ಗಂಟೆಗೆ ಬೆಲೆ ಹೆಚ್ಚು. ಪ್ರಯೋಗದಲ್ಲಿ ಬಳಸುವಷ್ಟೇ ತೆಳುವಾಗಿ ಬೆರೆಸಿ ಅಳೆದಿದ್ದಾರೆಯೇ, ಚಿತ್ರ ತೆಗೆಯುವಷ್ಟೇ ಲೇಸರ್ ಬಿಟ್ಟು ನೋಡಿದ್ದಾರೆಯೇ, ಕಣಗಳನ್ನು ಸೋಸಿ ತೆಗೆದ ಮೇಲೆ ಉಳಿದ ದ್ರವ ಹೊಳೆಯುತ್ತದೆಯೇ ಎಂದು ನೋಡಿದ್ದಾರೆಯೇ? ಈ ಕೊನೆಯ ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ, ಒಂದು ಸೋಸುಪೊರೆ, ಒಂದು ಮಧ್ಯಾಹ್ನ ಸಾಕು. ಅದನ್ನು ಮಾಡದ ಲೇಖನಗಳು ಮಾತ್ರ ಧಾರಾಳವಾಗಿ ಸಿಗುತ್ತವೆ. ಇಷ್ಟೆಲ್ಲ ಸರಿಯಿದ್ದರೂ ಬಿಡಿಸದ ಗಂಟೊಂದು ಉಳಿಯುತ್ತದೆ. ಮೂತ್ರಪಿಂಡ ದಾಟಲು ಕಣ ಆರು ನ್ಯಾನೊಮೀಟರಿನ ಆಸುಪಾಸಿನಲ್ಲಿರಬೇಕು. ಅಷ್ಟರೊಳಗೆ ಬೆಳಗುವ ತಿರುಳು, ಅದನ್ನು ಕಾಯುವ ಚಿಪ್ಪು, ನೀರಿಗೆ ಒಗ್ಗಿಸುವ ಎಳೆಗಳು, ಗಡ್ಡೆಯನ್ನು ಹಿಡಿಯುವ ಕೊಂಡಿ ನಾಲ್ಕೂ ಹಿಡಿಯಬೇಕು. ಗ್ರಂಥಿಯಲ್ಲಿ ನಿಲ್ಲಲು ಬೇಕಾದ ಗಾತ್ರವೋ ಅದರ ಎರಡು ಮೂರು ಪಟ್ಟು. ಶಸ್ತ್ರಚಿಕಿತ್ಸೆಯ ಕೆಲವು ಗಂಟೆಗಳ ಕಾಲ ದೊಡ್ಡದಾಗಿದ್ದು, ಆಮೇಲೆ ಹೊದಿಕೆ ಬಿಚ್ಚಿಕೊಂಡು ಸೋಸಿಹೋಗುವಷ್ಟು ಚಿಕ್ಕ ಚೂರುಗಳಾಗುವ ಕಣಗಳ ಮೇಲೆ ಕೆಲವರು ಈಗ ಕೆಲಸ ಮಾಡುತ್ತಿದ್ದಾರೆ.